ಬಾನೆಟ್ ಮೇಲೆ ಬಾಡಿದ ಹುಲ್ಲು

ಕುರುಗೋಡಿನಿಂದ ಬಳ್ಳಾರಿಗೆ ಹೊರಟ ಬಸ್ಸಿಗೆ ನಾನು ನೇಪಿಯರ್ ಹುಲ್ಲಿನ ಹೊರೆಯೊಂದನ್ನು ತಬ್ಬಿಕೊಂಡು ಹತ್ತಿದಾಗ, ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತು ನಿಂತ.

"ಯಜಮಾನ್ರ, ಇದಕ್ಕ ಲಗೇಜ್ ಹಾಕ್ಲೋ, ಕಿಡಕಿ ಸೀಟು ಕೊಡ್ಲೋ?"

ಹಿಂದಿನಿಂದ ಹತ್ತಿದ ನನ್ನ ಹೆಂಡತಿಯೇ ಉತ್ತರ ಕೊಟ್ಟಳು: "ಕಿಡಕಿ ಅದಕ್ಕೇ ಕೊಡ್ರಿ. ನಮ್ಮವ್ರಿಗೆ ಬ್ಯಾಡ. ಹೊರಗ ನೋಡಿದ್ರ ಇನ್ನೊಂದು ಚಿಂತಿ ಹಚ್ಕಂತಾರ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಹೊರೆಯನ್ನು ಎತ್ತಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಮಲಗಿಸಿದ. ಇಂಜಿನ್ನಿನ ಕಾವಿಗೆ ಹುಲ್ಲು ಬಾಡಿಬಿಟ್ಟರೆ ಏನು ಗತಿ ಎಂದು, ಕಿಟಕಿಯ ಹಂಗಿಲ್ಲದೆಯೇ, ನಾನು ಚಿಂತೆ ಹಚ್ಚಿಕೊಂಡೆ.

ನಮ್ಮದು ಮೂರು ಎಮ್ಮೆಗಳ ಮನೆ. ಹಾಗೆ ನೋಡಿದರೆ ಅವು ಹೆಂಡತಿಯ ಎಮ್ಮೆಗಳು; ನಾನು ಅವುಗಳ ಕಣ್ಣಿಗೆ ಡೇರಿಗೆ ಹಾಲು ಒಯ್ಯುವ ಆಳು, ಅಷ್ಟೇ. ಇಷ್ಟು ವರ್ಷ ಹುಲ್ಲು ಕೊಯ್ದವಳೂ ಅವಳೇ. ಅವಳ ಮುಂಗೈ ಊದಿಕೊಂಡು, ಬಳ್ಳಾರಿಯ ಡಾಕ್ಟರು ಇನ್ನು ಕುಡಗೋಲು ಮುಟ್ಟಬೇಡಿ ಎಂದ ಮೇಲೆ ಕುಡಗೋಲು ನನ್ನ ಕೈಗೆ ಬಂತು. ಹುಲ್ಲಿಗಿಂತ ನನ್ನ ಬೆರಳುಗಳನ್ನೇ ನಾನು ಹೆಚ್ಚು ಶ್ರದ್ಧೆಯಿಂದ ಕೊಯ್ದೆ.

ಬೇಸಿಗೆಯಲ್ಲಿ ಕಾಲುವೆ ನಿಂತರೆ ಹಸಿರೆಂಬುದೇ ಇಲ್ಲ. ಅದಕ್ಕೂ ಮೊದಲೇ ಹುಲ್ಲನ್ನು ಸಣ್ಣಗೆ ಕತ್ತರಿಸಿ ಗುಂಡಿಗೆ ತುಂಬಿ, ಗಾಳಿಯಾಡದಂತೆ ತುಳಿದು ಮುಚ್ಚಿ, ರಸಮೇವು ಮಾಡಿಟ್ಟುಕೊಳ್ಳಬೇಕು. ಹಿಂದಿನ ವರ್ಷ ಒಂದು ಡ್ರಮ್ಮಿನಲ್ಲಿ ಮಾಡಿ ನೋಡಿದ್ದೆವು. ಅದು ಲೋಳೆಯಾಗಿ ನಾತ ಹೊಡೆದು, ಎಮ್ಮೆಗಳು ಮೂಸಿ ಮುಖ ತಿರುಗಿಸಿದ್ದವು. ಈ ಸಲ ಸರಿಯಾದ ಯಂತ್ರ ತಂದು ಮಾಡುವುದು, ಅದೂ ಕೆಟ್ಟರೆ ಎಮ್ಮೆ ಮಾರುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಮಾತಾಡಿಕೊಂಡ ದಿನ ಅವಳು ಕೊಟ್ಟಿಗೆಯಿಂದ ಒಳಗೆ ಬರಲು ಬಹಳ ಹೊತ್ತು ಮಾಡಿದಳು.

ಸಿರುಗುಪ್ಪದಲ್ಲಿರುವ ಅವಳ ಅಣ್ಣನ ಬಳಿ ಟ್ರ್ಯಾಕ್ಟರಿಗೆ ಕಟ್ಟುವ ದೊಡ್ಡ ಯಂತ್ರವಿದೆ. ಕೊಯ್ಯುವುದು, ಕತ್ತರಿಸುವುದು, ಹಿಂದಿನ ಟ್ರಾಲಿಗೆ ತೂರುವುದು, ಎಲ್ಲ ಒಂದೇ ಓಟಕ್ಕೆ. ಬಸ್ಸು ಹತ್ತುವ ಹಿಂದಿನ ವಾರವಷ್ಟೇ ತನ್ನ ಹೊಲದಲ್ಲಿ ಓಡಿಸಿ ತೋರಿಸಿದ್ದ.

"ಏನ್ ಯೋಚ್ನಿ ಮಾಡ್ತೀರಿ ಭಾವಾ? ಮುಂಜಾನಿ ಬಂದು ಮಧ್ಯಾಹ್ನಕ್ಕ ಗುಂಡಿ ತುಂಬಿಸ್ತೀನಿ. ನೀವು ಸುಮ್ಕ ಬದುವಿನ ಮ್ಯಾಲ ಕುಂದ್ರಿ."

"ನಮ್ದು ಎರಿಹೊಲ. ಹಸಿ ಐತಿ. ಮಷೀನು ಹೂತ್ಕಂಡ್ರ?"

"ಇನ್ನೊಂದು ಟ್ರ್ಯಾಕ್ಟರ್ ತಂದು ಎಳಸ್ತೀನಿ."

"ಅದೂ ಹೂತ್ಕಂಡ್ರ?"

ಅವನು ತಂಗಿಯ ಕಡೆ ತಿರುಗಿದ. "ನಿನ್ನ ಗಂಡನ್ನ ನೆಳ್ಳಿಗೆ ಕರ್ಕಂಡು ಹೋಗವ್ವ."

ಅವಳಿಗೆ ಇದಾವುದೂ ಕೇಳಿಸಿದಂತಿರಲಿಲ್ಲ. ಟ್ರಾಲಿಯಿಂದ ಒಂದು ಹಿಡಿ ಕತ್ತರಿಸಿದ ಹುಲ್ಲು ತೆಗೆದು ಹಿಂಡಿದಳು. ಬೆರಳ ಸಂದಿಯಿಂದ ಹಸಿರು ನೀರು ತೊಟ್ಟಿಕ್ಕಿತು. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಬಳ್ಳಾರಿಯಲ್ಲಿ ಸಣ್ಣ ಯಂತ್ರಗಳನ್ನು ಮಾರುವ ಅಂಗಡಿಯನ್ನೂ ನೋಡಿಬಿಡೋಣ ಎಂದವಳು ಅವಳೇ. ಹುಲ್ಲು ಒಯ್ಯೋಣ ಎಂದವನು ನಾನು. ನಮ್ಮ ಕಡೆ ಕುಡಗೋಲು ಕೊಳ್ಳುವಾಗಲೂ ಕಂಬಾರನ ಮುಂದೆ ನಮ್ಮದೇ ನಾಲ್ಕು ಕಡ್ಡಿ ಕೊಯ್ದು ನೋಡದೆ ತರುವುದಿಲ್ಲ. ಅಂಗಡಿಯ ಸಾಹೇಬರಿಗೂ ಇದು ಗೊತ್ತು. ಹೊರೆ ಕಂಡು ಅವರೇನೂ ಬೆರಗಾಗಲಿಲ್ಲ.

"ಬರ್ರಿ, ಬರ್ರಿ. ಮೊನ್ನಿ ಮೋಕಾ ಊರಿನವ್ರು ಜ್ವಾಳದ ದಂಟು ತಂದಿದ್ರು. ಆದ್ರ ಇದೇನ್ರಿ, ದವಾಖಾನಿಗೆ ತಂದಂಗ ತಂದೀರಿ?"

ಹೊರೆಯ ಎಲೆಗಳೆಲ್ಲ ಜೋತುಬಿದ್ದಿದ್ದವು. ನನಗೆ ನಾಚಿಕೆಯಾಯಿತು. "ಬಸ್ಸಿನಾಗ ಬಾಡೈತ್ರಿ. ಇದರ ಮ್ಯಾಲ ನೋಡಿದ್ರ ಖರೇ ಗೊತ್ತಾಗಲ್ಲ. ನಾಳಿ ತಾಜಾ ತರ್ತೀನಿ."

"ನಾಳಿ ಕಂಡಕ್ಟರ್ ಹತ್ತಿಸ್ಕಳ್ಳಲ್ಲ. ಹಾಕ್ರಿ ಸಾಹೇಬ್ರ," ಎಂದಳು ಹೆಂಡತಿ.

ಮೋಟಾರಿನ ಮೇವು ಕತ್ತರಿಸುವ ಯಂತ್ರ ಗುರ್ರೆಂದು ನಮ್ಮ ರೋಗಿಯನ್ನು ನುಂಗಿ, ಆಚೆ ಬದಿಯಿಂದ ಚೂರುಚೂರಾಗಿ ಉಗುಳಿತು. ಅವಳು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಳು. ಹನಿಯೂ ಬೀಳಲಿಲ್ಲ. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ತೇವದ ಪಸೆ ಮಾತ್ರ. ಹುಲ್ಲಿನ ಉಂಡೆ ನಿಧಾನವಾಗಿ ಅರಳಿಕೊಂಡಿತು. ನನಗೆ ಕಂಡದ್ದು ಮುಂಗೈಯ ಬಾವು. ಅವಳು ತೋರಿಸುತ್ತಿದ್ದದ್ದು ಬೇರೆ.

"ನೋಡ್ರಿ. ಅಣ್ಣನ ಮಷೀನು ಕೊಯ್ದ ಕೂಡ್ಲೇ ಕತ್ತರಿಸಿ ಒಗೀತೈತಿ. ಹುಲ್ಲಿಗೆ ಬಾಡಾಕ ಪುರುಸೊತ್ತೇ ಇಲ್ಲ. ಡ್ರಮ್ಮಿಗೆ ನಾವು ತುಂಬಿದ್ದೂ ಹಂಗೇ, ನೀರು ಸೋರಂಗ. ಅದಕ್ಕೇ ಕೊಳ್ತು."

ಹುಲ್ಲು ಕೆಡುತ್ತದೆಂದು ದಾರಿಯುದ್ದಕ್ಕೂ ನಾನು ಕೊರಗಿದ್ದೆ. ಹುಲ್ಲು ಬಾನೆಟ್ ಮೇಲೆ ಮಲಗಿ ಹದವಾಗುತ್ತಿತ್ತು.

ಹಾಗಾಗಿ ಎರಡು ಸಣ್ಣ ಯಂತ್ರಗಳ ಲೆಕ್ಕವಾಯಿತು: ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವುದು ಒಂದು, ಒಪ್ಪತ್ತು ಹರವಿ ಬಾಡಿಸಿದ ಮೇಲೆ ಕತ್ತರಿಸಲು ಇದೊಂದು.

"ಹೆಗಲಿಗೆ ಹಾಕ್ಕಳ್ಳೋದು ಯಾರು?" ಎಂದೆ.

ಸಾಹೇಬರೂ ಅವಳೂ ಒಟ್ಟಿಗೇ ನನ್ನ ಹೆಗಲು ನೋಡಿದರು.

ಕೊಯ್ದೆ. ಹರವಿದ ಹುಲ್ಲಿನ ಮೇಲೆ ಮಳೆ ಬಂದರೆ ಎಂದು ಮೋಡವಿಲ್ಲದ ಆಕಾಶವನ್ನು ಕಾದೆ. ಅವಳ ಸೆರಗು ಯಂತ್ರಕ್ಕೆ ಸಿಕ್ಕಿದರೆ ಎಂದು ಹುಲ್ಲನ್ನು ನಾನೇ ಉಣಿಸಿದೆ. ತನ್ನ ಯಂತ್ರ ಬೇಡವೆಂದದ್ದಕ್ಕೆ ಅವಳ ಅಣ್ಣ ಮುನಿಸಿಕೊಳ್ಳಲಿಲ್ಲ. ಟ್ರ್ಯಾಕ್ಟರ್ ತಂದು ಗುಂಡಿಯ ಮೇಲೆ ಓಡಾಡಿಸಿ ಹುಲ್ಲನ್ನು ತುಳಿಸಿದ. "ಹೂತ್ಕಂಡಿಲ್ಲ, ನೋಡ್ರಿ ಭಾವಾ" ಎಂದು ಪ್ರತಿ ಸುತ್ತಿಗೂ ಕೂಗಿದ.

ಕಾಲುವೆ ನಿಂತ ಮೇಲೆ ಒಂದು ಬೆಳಿಗ್ಗೆ ಗುಂಡಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆ ಸರಿಸಿದೆವು. ನಾತವಿರಲಿಲ್ಲ, ಮಾಗಿದ ಹಣ್ಣಿನಂಥ ಹುಳಿ ವಾಸನೆ. ಅವಳು ಒಂದು ಬುಟ್ಟಿ ಒಯ್ದು ಹಿರಿ ಎಮ್ಮೆಯ ಮುಂದೆ ಸುರಿದಳು. ಎಮ್ಮೆ ಮೂಸಿತು. ನಾನು ಬಾಗಿ ಅದರ ಮೂಗನ್ನೇ ನೋಡಿದೆ. ಮತ್ತೆ ಮೂಸಿತು.

"ನೀವು ಆಚಿ ಹೋಗ್ರಿ. ಹಂಗ ಬಾಯಿ ನೋಡ್ಕಂತ ನಿಂತ್ರ ಮನುಷ್ಯಾರಿಗೂ ಕೂಳು ಇಳಿಯಲ್ಲ."

ಹೊರಗೆ ಬಂದು ಗೋಡೆಗೆ ಕಿವಿ ಕೊಟ್ಟು ನಿಂತೆ. ಮೊದಲು ಉಸಿರು ಬಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಮೆಲ್ಲಗೆ, ಚರಕ್ ಚರಕ್ ಎಂದು ಅಗಿಯುವ ಸದ್ದು. ಅದರ ಹಿಂದೆಯೇ ಎಮ್ಮೆಗೆ ಹೇಳುವ ಅವಳ ದನಿ:

"ಇನ್ನೊಂಚೂರು ಜೋರಾಗಿ ತಿನ್ನವ್ವ. ಗ್ವಾಡಿ ಆಚಿ ಒಬ್ರು ನಿಂತಾರ."