ಗದ್ದೆಯ ಕರೆಂಟು ಅಡಿಗೆಮನೆಗೆ ಬಂದಾಗ

ಹೋದ ವರ್ಷ ಯುಗಾದಿ ಕಳೆದ ಮೇಲಿನ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ನಾನು ನನ್ನ ತಂಗಿ ಸವಿತಳ ಅಡಿಗೆಮನೆಯ ಹೊಸಲಿನ ಹೊರಗೆ, ಎಡಗೈಯನ್ನು ಬಾಗಿಲವಾಡಕ್ಕೆ ಊರಿ ನಿಂತಿದ್ದೆ. ಅಲ್ಲಿಂದ ಅವಳ ಬೆನ್ನು, ಕಟ್ಟೆಯ ಮೇಲಿದ್ದ ಗ್ರೈಂಡರು, ಪಕ್ಕದ ಕಬ್ಬಿಣದ ನಲ್ಲಿ ಎಲ್ಲವೂ ಕಾಣುತ್ತಿದ್ದವು. ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. "ಏನೋ ಒಸಿ ಶಾಕ್ ಹೊಡೀತಂತೆ" ಎಂದು ಊರಲ್ಲಿ ಹೇಳಿಕೊಂಡು ತಿರುಗುವವರು ಅಲ್ಲಿರಲಿಲ್ಲ. ನಾನಿದ್ದೆ.

ಸವಿತಳ ಊರು ಮಳವಳ್ಳಿಯಿಂದ ಬಂಡೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ಮಳವಳ್ಳಿ ಪೇಟೆಯಲ್ಲಿ ಬಟ್ಟೆ ಹೊಲಿಯುವವನು. ಹಬ್ಬಕ್ಕೆ ಮುಂಚೆ ಅವಳ ಗಂಡ, ನಮ್ಮ ಭಾವ ಕೆಂಪರಾಜು ಅಡಿಗೆಮನೆಯ ಗೋಡೆಗೆ ಹೊಸ ಟೈಲ್ಸ್ ಹಾಕಿಸಿದ್ದರು. ಟೈಲ್ಸ್ ಕೂರಿಸಿ ಮುಗಿದ ಮೇಲೆ ಗ್ರೈಂಡರಿಗೊಂದು ಪ್ಲಗ್ ಪಾಯಿಂಟ್ ಬೇಕೆಂದು ನೆನಪಾಯಿತಂತೆ. ಕರೆಸಿದ್ದು ಗದ್ದೆಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಪುಟ್ಟಸ್ವಾಮಿಯನ್ನು. ಅವನು ಬೇಗನೆ ಕೆಲಸ ಮುಗಿಸಿ, "ಕಲ್ಲು ನಿಧಾನಕ್ಕೆ ತಿರುಗುದ್ರೆ ಹಿತ್ಲಲ್ಲಿರೋ ಅರ್ತ್ ಗುಂಡಿಗೆ ಒಂದ್ ಬಿಂದ್ಗೆ ನೀರು ಉಯ್ಯಕ್ಕ, ರೊಯ್ಯಂತ ತಿರುಗ್ತದೆ" ಎಂದು ಹೇಳಿ ಹೋಗಿದ್ದ.

ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ನಮ್ಮ ಕಡೆ ಗದ್ದೆಯ ಪಂಪ್‌ಮನೆಯಲ್ಲಿ ಹಾಗೇ ಮಾಡುತ್ತಾರೆ. ಕರೆಂಟು ಬರಲು ಒಂದು ವೈರು, ವಾಪಸ್ ಹೋಗಲು ಎರಡನೇ ವೈರಿನ ಬದಲು ನೆಲಕ್ಕೆ ಹೊಡೆದ ಕಬ್ಬಿಣದ ಸರಳು. ಬಲ್ಬು ಮಂಕಾದರೆ ಸರಳಿನ ಬುಡಕ್ಕೆ ನೀರು.

ಆ ಬೆಳಿಗ್ಗೆ ಕಾಫಿ ಕೊಡುವಾಗ ಸವಿತ ಹೇಳಿದಳು. "ಗ್ರೈಂಡರ್ ಹಾಕ್ದಾಗ ಫ್ರಿಜ್ ಮುಟ್ಟುದ್ರೂ ಜುಮ್ಮಂತದೆ ಕಣಣ್ಣ. ಇವ್ರಿಗೆ ಹೇಳಿ ಹೇಳಿ ಸಾಕಾಯ್ತು."

ಭಾವ ನಕ್ಕರು. "ನಿನ್ ಮೈಯಲ್ಲೇ ಕರೆಂಟು ಜಾಸ್ತಿ ಕಣಮ್ಮಿ. ತಡಿ, ಕರೆಂಟು ತಯಾರ್ಸೋ ಬ್ಲಫ್‌ಗೆ ಕಳಿಸ್ಬುಡ್ತೀನಿ, ಸುತ್ತೂರಿಗೆಲ್ಲ ದೀಪ ಉರೀಲಿ."

ಅವಳ ಅತ್ತೆ ಚಿಕ್ಕತಾಯಮ್ಮ ಸೊಪ್ಪು ಬಿಡಿಸುತ್ತಿದ್ದವರು ದನಿಗೂಡಿಸಿದರು. "ಚಪ್ಲಿ ಮೆಟ್ಕಂಡು ರುಬ್ತೀನಿ ಅಂತಾಳೆ ಕಣಪ್ಪ. ಒಲೆ ಇರೋ ತಾವು ಚಪ್ಲಿ ಮೆಟ್ಟಾರಾ?"

ಪುಟ್ಟಸ್ವಾಮಿಯನ್ನು ಈಗಲೇ ಕರೆದುಕೊಂಡು ಬನ್ನಿ ಎಂದು ನಾನು ಭಾವನಿಗೆ ಗಟ್ಟಿಯಾಗಿ ಹೇಳಿದೆ. ಅವರು ಗೊಣಗಿಕೊಂಡು ಬೈಕ್ ಹತ್ತಿದರು. "ಅವ್ನು ಬರೋಗಂಟ ಗ್ರೈಂಡರ್ ಹಾಕ್ಬೇಡ ಕಣವ್ವ" ಎಂದು ಸವಿತಳಿಗೂ ಹೇಳಿದೆ. "ಅಕ್ಕಿ ನೆಂದದೆ ಅಣ್ಣ, ಇದೊಂದ್ ಸಲ" ಎಂದು ಅವಳು ಒಳಗೆ ಹೋದಳು. ನಾನು ಎದ್ದು ಹಿಂದೆಯೇ ಹೋಗಿ ಹೊಸಲು ಮುಟ್ಟುವಷ್ಟರಲ್ಲಿ ಗ್ರೈಂಡರು ತಿರುಗುತ್ತಿತ್ತು.

ಕಲ್ಲು ತಿಣುಕುತ್ತಾ ತಿರುಗುತ್ತಿತ್ತು. ಅವಳ ಬಲಗೈ ಗ್ರೈಂಡರಿನ ಸ್ಟೀಲ್ ಮೈಮೇಲಿತ್ತು. ನೀರಿಗಾಗಿ ಎಡಗೈಯಿಂದ ನಲ್ಲಿ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಅವಳು ಕೂಗಲೂ ಇಲ್ಲ. ಜಡೆಯ ತುದಿ ಮಾತ್ರ ಬೆನ್ನ ಮೇಲೆ ನಡುಗುತ್ತಿತ್ತು. ನನ್ನ ಪಕ್ಕದಿಂದ ಚಿಕ್ಕತಾಯಮ್ಮ, "ಸವೀ" ಎನ್ನುತ್ತಾ ಎಳೆಯಲು ನುಗ್ಗಿದರು. "ಮುಟ್ಬ್ಯಾಡಿ!" ಎಂದು ಕಿರುಚಿ ನಾನು ಅವರನ್ನು ಹಿಂದಕ್ಕೆ ತಳ್ಳಿದೆ. ಗೋಡೆಗೆ ಒರಗಿಸಿದ್ದ ಊಟದ ಮಣೆ ತೆಗೆದು ಅವಳ ಎಡ ಮೊಣಕೈಗೆ ಬಲವಾಗಿ ಹೊಡೆದೆ. ಎರಡನೇ ಏಟಿಗೆ ನಲ್ಲಿಯಿಂದ ಕೈ ಬಿಟ್ಟಿತು. ಅವಳು ನೆಲಕ್ಕೆ ಬಿದ್ದಳು. ನಾನು ಸ್ವಿಚ್ ಆರಿಸಿದೆ. ಅವಳ ತುಟಿ ನೀಲಿಯಾಗಿತ್ತು. ಉಸಿರು ತಿರುಗುವವರೆಗೆ ಚಿಕ್ಕತಾಯಮ್ಮ ಅವಳ ಕೆನ್ನೆ ತಟ್ಟುತ್ತಾ ದೇವರಿಗೂ ಮಗನಿಗೂ ಒಟ್ಟಿಗೇ ಬೈಯುತ್ತಿದ್ದರು.

ಮಳವಳ್ಳಿ ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ಅಲ್ಲಿಗೆ ಪುಟ್ಟಸ್ವಾಮಿ ಎಳನೀರು ಹಿಡಿದು ಬಂದ. ಏನು ಮಾಡಿದ್ದೆ ಎಂದು ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿದ. "ಆ ಬಾಕ್ಸಲ್ಲಿ ನ್ಯೂಟ್ರಲ್, ಅದೇ ಕರೆಂಟು ವಾಪಸ್ ಹೋಗೋ ವೈರು, ಇರ್ಲಿಲ್ಲ ಕಣಣ್ಣ. ತರಬೇಕು ಅಂದ್ರೆ ಟೈಲ್ಸ್ ಒಡೀಬೇಕು. ಅದ್ಕೆ ಮನೆ ಅರ್ತ್ ವೈರ್ಗೇ ಕೊಟ್ಟೆ. ಗದ್ದೇಲಿ ಎಲ್ಲಾ ಹಂಗೇ ಅಲ್ವ? ಯಾರ್ ಸತ್ತವ್ರೆ?"

ಬೇಸಿಗೆಯಲ್ಲಿ ಗುಂಡಿ ಒಣಗಿತ್ತು. ನೆಲಕ್ಕೆ ಇಳಿಯಬೇಕಾದ ಕರೆಂಟು ಅರ್ತ್ ವೈರಿನಲ್ಲೇ ನಿಂತು ಗ್ರೈಂಡರಿನ ಮೈಗೂ ಫ್ರಿಜ್ಜಿನ ಮೈಗೂ ಏರಿತ್ತು. ನೆಲದೊಳಗಿನ ಕಬ್ಬಿಣದ ಪೈಪಿಗೆ ಸೇರಿದ ನಲ್ಲಿಯನ್ನು ಸವಿತ ಹಿಡಿದಾಗ ಅದು ಅವಳ ಮೈಯಿಂದಲೇ ನೆಲಕ್ಕೆ ಇಳಿದಿತ್ತು. ಮನುಷ್ಯರನ್ನು ಕಾಯಲೆಂದು ಇರುವ ವೈರನ್ನೇ ಅವನು ಕೊಲ್ಲುವ ವೈರು ಮಾಡಿದ್ದ. ನಾನು ಎಳನೀರನ್ನು ವಾಪಸ್ ಅವನ ಕೈಗೇ ಕೊಟ್ಟೆ. ಬೇರೆ ಏನಾದರೂ ಕೊಡುವ ಮೊದಲು ಅಲ್ಲಿಂದ ಎದ್ದು ಹೋದೆ.

"ಒಸ ಟೈಲ್ಸು ಬಾವ, ಒಡೆಯಕ್ಕೆ ಮನಸ್ ಬರ್ಲಿಲ್ಲ" ಎಂದರು ಕೆಂಪರಾಜು. ಮಾರನೇ ದಿನ ನಾನು ಮಳವಳ್ಳಿಯಿಂದ ವೈರು, ಉಳಿ, ಸುತ್ತಿಗೆ ತೆಗೆದುಕೊಂಡು, ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಹೋದೆ. ಟೈಲ್ಸ್ ಒಡೆಯುವ ಕೆಲಸ ಮಾತ್ರ ನಾನೇ ಮಾಡಿದೆ. ಮೀಟರ್ ಬೋರ್ಡಿನವರೆಗೂ ಒಡೆದೆ. ಭಾವ ನಡುಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಒಬ್ಬ ಹೆಂಗಸು ದಿನಾ ಜುಮ್ಮಂತದೆ ಎಂದು ಹೇಳುತ್ತಿದ್ದರೆ ನಗುವುದಕ್ಕೆ ಅದರಲ್ಲಿ ಏನಿತ್ತು?

ಪುಟ್ಟಸ್ವಾಮಿ ಈಗಲೂ ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ನಾನು ಹೇಳಿದ್ದನ್ನು ಕೇಳಿ ಕೆಲವರು ಬಾಕ್ಸ್ ಬಿಚ್ಚಿಸಿ ನೋಡಿದರು. ಉಳಿದವರು, ತಂಗಿ ಮೇಲಿನ ಪ್ರೀತಿಗೆ ದೊಡ್ಡದು ಮಾಡುತ್ತಾನೆ ಎಂದರು.

ಅವರಿಗಾಗಿ ಇದನ್ನು ಬರೆದಿದ್ದೇನೆ. ನಾನಲ್ಲದೆ ಇದನ್ನು ಕಂಡವರು ಇಬ್ಬರು. ಒಬ್ಬರು ಚಿಕ್ಕತಾಯಮ್ಮ. ಅವರಿದ್ದಾರೆ, ಕೇಳಿದರೆ ನಿಂತ ಜಾಗವನ್ನೇ ತೋರಿಸಿ ಹೇಳುತ್ತಾರೆ. ಇನ್ನೊಬ್ಬಳು ಸವಿತ. ಅವಳೂ ಬದುಕಿದ್ದಾಳೆ.