ತಗ್ಗಿನ ತೋಟಕ್ಕೆ ಒಂದು ತೂಬು

ಚಳಿ ಆಕಾಶದಿಂದ ಬೀಳುತ್ತದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಅದು ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹರಿಯುತ್ತದೆ ಎಂದು ತೋರಿಸಿಕೊಟ್ಟದ್ದು ನಮ್ಮ ಬಚ್ಚಲೊಲೆಯ ಹೊಗೆ.

ನಮ್ಮ ಮನೆ ಊಟಿಯಿಂದ ಅವಲಾಂಚ್ ಕಡೆಗೆ ಹೋಗುವ ದಾರಿಯ ಒಂದು ಹಟ್ಟಿಯಲ್ಲಿದೆ. ಮನೆಯ ಕೆಳಗಿನ ತಗ್ಗಿನಲ್ಲಿ ನಾನೇ ಹಟ ಹಿಡಿದು ಟೀ ಸಸಿ ನೆಟ್ಟಿದ್ದೆ. ಕಾಟಿಗಳು, ಅಂದರೆ ಕಾಡುಕೋಣಗಳು, ತುಳಿಯದಿರಲಿ ಎಂದು ನನ್ನ ಗಂಡ ತಗ್ಗಿನ ಕೆಳಬದಿಗೆ ಸೊಂಟದೆತ್ತರ ತಗಡು ಜೋಡಿಸಿ, ಅದರ ಮೇಲೆ ಮುಳ್ಳುತಂತಿ ಎಳೆದರು. ತಗಡುಗಳ ನಡುವೆ ಇಲಿ ನುಸುಳುವಷ್ಟೂ ಸಂದಿರಲಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವರಿಗೆ ಸಂಭ್ರಮ.

ಆ ಚಳಿಗಾಲ ಕಾಟಿ ಬರಲಿಲ್ಲ, ಹಿಮ ಬಂತು. ಎಲೆಗಳೆಲ್ಲ ಕರಕಲು. ಬುಡದಲ್ಲಿ ಜೀವವಿದ್ದುದರಿಂದ ಮಳೆಗೆ ಮತ್ತೆ ಚಿಗುರಿದವು.

"ಜಾಗ ಸರಿಯಿಲ್ಲ ಕಣಮ್ಮಿ," ಎಂದರು ಅವರು. "ಇನ್ನೊಂದ್ಸಲ ಸುಟ್ರೆ ಎಲ್ಲಾ ಕಿತ್ತು ಕ್ಯಾರೆಟ್ ಹಾಕ್ತೀನಿ."

ಕೀಳಲು ನನಗೆ ಮನಸ್ಸಿರಲಿಲ್ಲ. ಆ ಗಿಡಗಳ ಮೇಲೆ ನನಗೆ ಅಷ್ಟು ಆಸೆ.

ಮುಂದಿನ ಚಳಿಗಾಲದ ಒಂದು ಬೆಳಗ್ಗೆ, ಗಾಳಿ ಅಲುಗದಿದ್ದಾಗ, ಹಂಡೆಗೆ ಉರಿ ಹಾಕಿ ಅಂಗಳಕ್ಕೆ ಬಂದೆ. ಹೊಗೆ ತುಸು ಮೇಲೆದ್ದು, ಮನಸ್ಸು ಬದಲಾಯಿಸಿದಂತೆ ಕೆಳಗೆ ಬಾಗಿತು. ಮೆಟ್ಟಿಲು ಇಳಿಯಿತು, ನೀರಿನ ತೊಟ್ಟಿಯನ್ನು ಬಳಸಿ ಹೋಯಿತು, ಗಿಡಗಳ ಸಾಲಿನಲ್ಲಿ ಮೆಲ್ಲಗೆ ಹರಿದು ತಗಡಿಗೆ ತಾಗಿ ನಿಂತಿತು. ಆಮೇಲೆ ಅಲ್ಲೇ ತುಂಬತೊಡಗಿತು. ತಗಡಿನ ಅಂಚಿನವರೆಗೆ ಸಮನಾಗಿ ತುಂಬಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಎಂಥ ಚೆಂದ! ಕಣ್ಣಿಗೆ ಕಾಣದ ಚಳಿಗೆ ಹೊಗೆ ಬಣ್ಣ ಬಳಿದಿತ್ತು.

ಅವರನ್ನು ಎಬ್ಬಿಸಿ ಕರೆತಂದೆ. "ನೋಡ್ರೀ, ಬೇಲಿನೇ ಎದ್ದು ಹೊಲ ಮೇಯ್ತಾ ಇದೆ. ನೀವು ಕಟ್ಟಿರೋದು ಬೇಲಿಯಲ್ಲ, ಕೆರೆ ಏರಿ. ಚಳಿ ಹರಿದು ಹೋಗೋಕೆ ಒಂದು ತೂಬಾದ್ರೂ ಬೇಡವಾ?"

ಅವರ ಮನೆತನ ಗುಂಡ್ಲುಪೇಟೆ ಕಡೆಯದು, ಕೆರೆ ನೀರಲ್ಲಿ ಗದ್ದೆ ಮಾಡಿದವರು. ಚಳಿಯ ಮಾತು ಅವರಿಗೆ ತಲೆಗೆ ಹೋಗುತ್ತಿತ್ತೋ ಇಲ್ಲವೋ, ಕೆರೆಯ ಮಾತು ನೇರ ಹೋಯಿತು. ಆದರೂ ಗೊಣಗಿದರು.

"ತಗಡು ಬಿಚ್ಚಿದ್ರೆ ಕಾಟಿ ನುಗ್ಗಲ್ವಾ?"

"ಸಂದು ಬಿಟ್ಟು ಮರದ ಕಂಬ ನೆಡಿ. ಕಾಟಿ ತೂರಲ್ಲ, ಚಳಿ ತೂರತ್ತೆ."

ಅತ್ಯಂತ ತಗ್ಗಾದ ಕಡೆ ಎರಡು ತಗಡು ಬಿಚ್ಚಿ ಸಿಲ್ವರ್ ಓಕ್ ಕಂಬ ನೆಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖವಿತ್ತು ಅವರದು. ಕೊಟ್ಟಿಗೆ ಗೋಡೆಗೆ ಗುದ್ದಲಿಯನ್ನೂ ಒರಗಿಸಿಟ್ಟರು. ಮತ್ತೆ ಸುಟ್ಟರೆ ಗಿಡ ಕೀಳಲು ತಯಾರು ಎಂದು ನನಗೆ ಕಾಣಲಿ ಅಂತಲೇ ಇಟ್ಟದ್ದು.

ಕೆಲ ದಿನಗಳಲ್ಲೇ ಗಟ್ಟಿ ಹಿಮ ಬಿತ್ತು. ಬೆಳಕು ಹರಿಯುವಾಗ ಒಲೆ ಹಚ್ಚಿದೆ. ಹೊಗೆ ಅದೇ ದಾರಿ ಹಿಡಿಯಿತು, ತಗಡಿನವರೆಗೆ ಹೋಯಿತು, ಕ್ಷಣ ತಡವರಿಸಿತು, ಆಮೇಲೆ ಕಂಬಗಳ ನಡುವೆ ಎಳೆ ಎಳೆಯಾಗಿ ನುಸುಳಿ ಆಚೆ ಕೆಳಗಿನ ಹಳ್ಳದ ಕಡೆಗೆ ಹೊರಟಿತು. ಹಳ್ಳದ ಹುಲ್ಲು ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ನನ್ನ ಗಿಡಗಳ ಎಲೆಗಳು ಬರೀ ಒದ್ದೆಯಾಗಿದ್ದವು. ತಗಡು ಉಳಿದಿದ್ದ ಮೂಲೆಯಲ್ಲಿ ಮಾತ್ರ ನಾಲ್ಕಾರು ಗಿಡ ಬಿಳಿ ಹಿಡಿದಿದ್ದವು.

ಅವರು ಒಂದೊಂದೇ ಗಿಡ ಮುಟ್ಟುತ್ತಾ ಆ ಮೂಲೆಗೆ ಹೋದರು. ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ತಗಡಿನ ಮೇಲೆ ಕೈಯಿಟ್ಟರು.

"ಅಮ್ಮೀ," ಎಂದು ಅಲ್ಲಿಂದಲೇ ಕೂಗಿದರು, "ಇದನ್ನೂ ಬಿಚ್ಚಲಾ?"