ಬಾಡಿಗೆಯಲ್ಲದ ಬಾಡಿಗೆ ಕಾರು

ನಮ್ಮ ಯುವ ಸಂಘದ ಪ್ರಯಾಣ ವೆಚ್ಚದ ಅರ್ಜಿಯಲ್ಲಿ ಮೂರೇ ಕಾಲಮುಗಳಿದ್ದವು: ಬಸ್ಸು, ರೈಲು, ಬಾಡಿಗೆ ವಾಹನ. ಸ್ವಂತ ಕಾರಿದ್ದವರೂ ಸಮಾಜಸೇವೆಗೆ ಇಳಿದಾರು ಎಂಬುದು ಅದನ್ನು ಅಚ್ಚು ಹಾಕಿಸಿದವರಿಗೆ ಹೊಳೆದಿರಲಿಲ್ಲ.

ನಾನು ಭಟ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಭಾನುವಾರಗಳಲ್ಲಿ, ಪಕ್ಕದ ಜಾಲಿ ಊರಿನಲ್ಲಿರುವ ನರ್ಸ್ ಗೆಳತಿಯೊಬ್ಬಳ ಜೊತೆ ಹೊನ್ನಾವರ, ಕುಮಟಾ ಎಂದು ಸುತ್ತಿ ಕಾಲೇಜು ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ನಮ್ಮ ಸೇವೆ. ಕಾರು ನನ್ನದು. ಪೆಟ್ರೋಲು ನನ್ನದು. ದಿನದ ಗೌರವಧನ ಸಂಘದ್ದು ಎಂದು ಹೇಳಿದ್ದರು. ಅದರ ಗೌರವ ಮಾತ್ರ ನಮಗೆ ಆಗಾಗ ಸಿಗುತ್ತಿತ್ತು.

ಸಂಘದ ಖಜಾಂಚಿ ಹೊನ್ನಾವರದ ನಿವೃತ್ತ ಗಣಿತದ ಮಾಸ್ತರರು. ನಾನು ಕೊಟ್ಟ ಪೆಟ್ರೋಲ್ ಚೀಟಿಗಳನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾರಿನ ಬಿಸಿಗೆ ಚೀಟಿಯ ಅಕ್ಷರಗಳೆಲ್ಲ ಹಾರಿಹೋಗಿರುತ್ತಿದ್ದವು.

"ಇದ್ರಲ್ಲಿ ಎಂತ ಇತ್ತು ಅಕ್ಕೋರೆ? ಬರೀ ಬಿಳಿ ಕಾಗದ."

"ಮೊನ್ನೆ ಅಕ್ಷರ ಇತ್ತು ಸರ್. ಸ್ವಂತ ಕಾರಿನ ಖರ್ಚು ಯಾವ ಕಾಲಮಿಗೆ ಬರಿಯೂದು?"

ಅವರು ಕನ್ನಡಕ ಒರೆಸಿಕೊಂಡು ಯೋಚಿಸಿದರು. "ಬಸ್ಸಲ್ಲ, ರೈಲಲ್ಲ. ಹಾಗಾರೆ ಬಾಡಿಗೆ ವಾಹನ ಅಂತ ಬರೀರಿ. ಆತು."

ಬರೆದೆ. ಒಂದಲ್ಲ, ಏಳು ಅರ್ಜಿಗಳಲ್ಲಿ ಹಾಗೆಯೇ ಬರೆದೆ.

ಎಂಟನೆಯ ಭಾನುವಾರ ಕುಮಟಾದ ಶಿಬಿರಕ್ಕೆ ಹೊರಟಿದ್ದೆವು. ಗೆಳತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದಳು. ಮುಂದಿನ ಸೀಟಿನಲ್ಲಿ, ಎದೆ ಒತ್ತುವುದನ್ನು ಕಲಿಸಲು ನಾವು ಬಳಸುವ ಪ್ಲಾಸ್ಟಿಕ್ ಬೊಂಬೆ. ಅದಕ್ಕೆ ಸೊಂಟದಿಂದ ಕೆಳಗೆ ಏನೂ ಇಲ್ಲ. ತಿರುವುಗಳಲ್ಲಿ ಉರುಳದಿರಲಿ ಎಂದು ಸಂಘದ ಟೀ ಶರ್ಟ್ ತೊಡಿಸಿ ಬೆಲ್ಟ್ ಬಿಗಿದಿದ್ದೆವು. ಶರಾವತಿ ಸೇತುವೆ ದಾಟಿ ಹೊನ್ನಾವರ ಪೇಟೆಯ ಹತ್ತಿರ ಬರುವಾಗ ನಾನು ಹಿಂದೆ ತಿರುಗಿ ಗೆಳತಿಗೆ ಖಜಾಂಚಿಯ ಬಗ್ಗೆ ಏನೋ ಹೇಳುತ್ತಿದ್ದೆ. ಒಳ್ಳೆಯ ಮಾತಂತೂ ಆಗಿರಲಿಲ್ಲ. ಮುಂದಿದ್ದ ಮೀನಿನ ಟೆಂಪೋ ದನವೊಂದಕ್ಕೆ ಗೌರವ ಕೊಟ್ಟು ನಿಂತಿತು. ನಾನು ನಿಲ್ಲಲಿಲ್ಲ.

ಟೆಂಪೋಗೆ ಎಂತದೂ ಆಗಲಿಲ್ಲ. ನನ್ನ ಕಾರಿನ ಮೂತಿ ಒಳಗೆ ಹೋಯಿತು. ಮೇಲಿಂದ ಒಂದು ಕ್ರೇಟು ಬಂಗಡೆ ಐಸಿನ ಸಮೇತ ಬಾನೆಟ್ಟಿನ ಮೇಲೆ ಸುರಿಯಿತು. ಜನ ಓಡಿ ಬಂದರು. ಮುಂದಿನ ಸೀಟಿನಲ್ಲಿ ಬಾಯಿ ತೆರೆದು, ಕಣ್ಣು ಮಿಟುಕಿಸದೆ ಕೂತಿದ್ದವನನ್ನು ಕಂಡು ಇಬ್ಬರು ಬಾಗಿಲು ತೆಗೆದು ಬೆಲ್ಟ್ ಬಿಚ್ಚಿ ಎಳೆದರು. ಅರ್ಧ ಮನುಷ್ಯ ಈಚೆ ಬಂದ.

"ಅಯ್ಯಯ್ಯೋ, ಕಾಲೇ ಇಲ್ಲ ಇವ್ನಿಗೆ!" ಎಂದು ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಇಳಿಸಿ ಅಲ್ಲಿಯೇ ಕುಸಿದು ಕೂತರು. ಹಿಂದಿನ ಸೀಟಿನಿಂದ ನನ್ನ ಗೆಳತಿ, "ಇಲ್ಲಿ ನೋಡ್ರೋ! ಕುತ್ತಿಗೆ ಉಳುಕಿದ್ದು ನಂಗೆ!" ಎಂದು ಕೂಗುತ್ತಿದ್ದಳು. ಯಾರೂ ಅತ್ತ ನೋಡಲಿಲ್ಲ. ಲುಂಗಿ ಎತ್ತಿ ಕಟ್ಟಿದ ಒಬ್ಬ ಧೈರ್ಯವಂತ ಬೊಂಬೆಯನ್ನು ರಸ್ತೆ ಬದಿಗೆ ಮಲಗಿಸಿ ಅದರ ಎದೆಯನ್ನು ಒತ್ತತೊಡಗಿದ. ತಪ್ಪಾಗಿ ಒತ್ತುತ್ತಿದ್ದ. ಗೆಳತಿಗೆ ತಡೆಯಲಾಗಲಿಲ್ಲ. ಕುತ್ತಿಗೆ ಹಿಡಿದುಕೊಂಡೇ ಇಳಿದು ಹೋಗಿ, "ಮೊಣಕೈ ಮಡಿಸ್ಬೇಡಿ! ನೇರ ಇಟ್ಟು ಒತ್ತಿ!" ಎಂದಳು. ಆತ ಕೈ ನೇರ ಮಾಡಿದ. ಸರಿಯಾಗಿ ಒತ್ತಿದ್ದಕ್ಕೆ ಬೊಂಬೆಯ ಎದೆ ಟಕ್ಕೆಂದು ಸದ್ದು ಮಾಡಿತು, ಅದು ಬೊಂಬೆಯೆಂದು ಜನರಿಗೂ ಗೊತ್ತಾಯಿತು. ಆಮೇಲೆ ಟೆಂಪೋ ಚಾಲಕ ತಾನೂ ಒಮ್ಮೆ ನೋಡುತ್ತೇನೆ ಎಂದ. ಕುಮಟಾದ ಶಿಬಿರ ರದ್ದಾಯಿತು, ಹೊನ್ನಾವರದ್ದು ಹೆದ್ದಾರಿ ಬದಿಯಲ್ಲಿ ಚೆನ್ನಾಗಿಯೇ ನಡೆಯಿತು.

ಕಾರನ್ನು ಕುಮಟಾದ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಎರಡು ದಿನ ಬಿಟ್ಟು ವಿಮೆಯ ಸರ್ವೇಯರ್ ಬಂದರು. ನಿದ್ದೆಗಣ್ಣಿನ, ಮೆಲುದನಿಯ ಮನುಷ್ಯ. ನಾನೇನು ಪೋಲಿ ತಿರುಗಲು ಹೊರಟವಳಲ್ಲ, ಸಮಾಜಸೇವೆಗೆ ಹೊರಟವಳು ಎಂದು ತೋರಿಸುವ ಹುಕಿಯಲ್ಲಿ ಸಂಘದ ಪತ್ರ, ಶಿಬಿರದ ಫೋಟೋ, ಅರ್ಜಿಗಳ ನಕಲು ಎಲ್ಲವನ್ನೂ ಅವರ ಕೈಗಿಟ್ಟೆ. ಯಾರೂ ಕೇಳಿರಲಿಲ್ಲ. ಅವರು ಓದುತ್ತ ಹೋದಂತೆ ಕಣ್ಣಿನ ನಿದ್ದೆ ಹಾರಿತು.

"ಅಕ್ಕೋರೆ, ಕಾರು ನಿಮ್ದೇ ಅಲ್ದಾ?"

"ಹೌದು."

"ಮತ್ತೆ ಇದೆಂತ, ಏಳು ಸಲ ಬಾಡಿಗೆ ವಾಹನ ಅಂತ ಇತ್ತು? ಖಾಸಗಿ ಕಾರು ಬಾಡಿಗೆಗೆ ಓಡಿಸ್ರೆ ವಿಮೆ ಸಿಗೂದಿಲ್ಲ."

ಏಳು ಅರ್ಜಿಗಳ ಕೆಳಗೂ ನನ್ನ ಸಹಿ ಇತ್ತು, ಹೆಡ್ಮಾಸ್ತರರ ಮುಂದೆ ಕೂಡ ನಾನು ಅಷ್ಟು ಅಂದವಾಗಿ ಸಹಿ ಮಾಡಿದವಳಲ್ಲ. ಹೊರಗೆ ಬಂದು ಖಜಾಂಚಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರ್ವೇಯರ್‌ನ ಅಲ್ಲೇ ಕೂರ್ಸಿ. ನಾನು ಬಸ್ಸು ಹತ್ತಿ ಬರ್ತೆ" ಎಂದರು.

ಒಂದು ಗಂಟೆಯಲ್ಲಿ ಕಂಕುಳಲ್ಲಿ ದಪ್ಪ ರಿಜಿಸ್ಟರ್ ಅವುಚಿಕೊಂಡು ಬಂದರು. ಬೆವರಿದ್ದರು. ಕೂರದೆ ನೇರ ಮಾತಿಗಿಳಿದರು.

"ಬಾಡಿಗೆ ಅಂತ ಬರ್ಸಿದ್ದು ನಾನು. ತಪ್ಪು ನಂದು, ಅಕ್ಕೋರದ್ದಲ್ಲ."

ಆ ಮನುಷ್ಯ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೈದದ್ದಕ್ಕೆ ನಾಚಿಕೆಯಾಯಿತು.

"ಇವ್ರಿಗೆ ಎಷ್ಟು ಕೊಟ್ರಿ?" ಎಂದು ಸರ್ವೇಯರ್ ಕೇಳಿದರು.

ಮಾಸ್ತರರು ಎದೆಯುಬ್ಬಿಸಿ ರಿಜಿಸ್ಟರ್ ತೆರೆದರು. "ಒಂದ್ರುಪಾಯಿನೂ ಕೊಡ್ಲಿಲ್ಲ!"

ನನ್ನ ಹೆಸರಿನ ಮುಂದೆ ಏಳು ಸಾಲು. ಏಳಕ್ಕೂ ಕೆಂಪು ಶಾಯಿಯಲ್ಲಿ 'ಪರಿಶೀಲನೆಯಲ್ಲಿದೆ'. ಸರ್ವೇಯರ್ ಪುಟವನ್ನು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಗ್ಯಾರೇಜಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. ನನ್ನ ನಾಚಿಕೆ ಅಷ್ಟಕ್ಕೇ ಮುಗಿದು ಸಿಟ್ಟು ಮರಳಿ ಬಂತು. ಇದು ಬಾಡಿಗೆಯಲ್ಲ, ಸ್ವಂತ ಕಾರಿನ ಪೆಟ್ರೋಲ್ ಖರ್ಚು ಎಂದು ಮಾಸ್ತರರು ದುಂಡನೆಯ ಅಕ್ಷರದಲ್ಲಿ ಪತ್ರ ಬರೆದು ಸಂಘದ ಮೊಹರು ಒತ್ತಿಕೊಟ್ಟರು.

ಕೆಲವು ವಾರ ಕಾಯಿಸಿ ವಿಮೆ ಕಂಪನಿ ಒಪ್ಪಿತು. ಪ್ಲಾಸ್ಟಿಕ್ ಭಾಗಗಳಿಗೆ ಅರ್ಧವೇ ಕೊಡುವುದು ಎಂದು ಬಂಪರಿನಲ್ಲಿ ಕತ್ತರಿ ಹಾಕಿದರು. ಉಳಿದದ್ದನ್ನು ನಾನು ಕಟ್ಟಿ ಕಾರು ಬಿಡಿಸಿಕೊಂಡೆ.

ಮುಂದಿನ ಸಭೆ ಹೊನ್ನಾವರದಲ್ಲಿ ನಡೆಯಿತು. ಅರ್ಜಿಗೆ 'ಸ್ವಂತ ವಾಹನ' ಎಂಬ ಹೊಸ ಕಾಲಮು ಸೇರಿಸಬೇಕೆಂದು ನಾನೇ ಸೂಚಿಸಿದೆ. ಎಲ್ಲರೂ ಕೈಯೆತ್ತಿದರು. ಖಜಾಂಚಿಯೂ ಎತ್ತಿದರು. ಎತ್ತಿದ ಕೈ ಇಳಿಸುವ ಮೊದಲೇ, "ಮುಂದಿನ ತಿಂಗ್ಳಿಂದ ಜಾರಿ. ಹಳೇದಕ್ಕೆ ಅನ್ವಯ ಇಲ್ಲ" ಎಂದರು.

ಸಭೆ ಮುಗಿದು ಉಳಿದವರು ಊಟಕ್ಕೆ ಹೋದರು. ನಾನು ನನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಮಾಸ್ತರರ ಮೇಜಿನ ಎದುರು ಕೂತೆ.

"ಎಂತ ಅಕ್ಕೋರೆ, ಊಟ ಇಲ್ವಾ?"

"ನಂಗೆ ಹಸಿವಿಲ್ಲ ಸರ್. ನಿಮ್ಗೆ?"

ಅವರು ಗಡಿಯಾರ ನೋಡಿದರು. ಬಾಗಿಲು ನೋಡಿದರು. ಬಾಗಿಲಿಗೂ ಅವರಿಗೂ ನಡುವೆ ನಾನಿದ್ದೆ. ಕಾಲು ಗಂಟೆ ರಿಜಿಸ್ಟರಿನ ಹಾಳೆಗಳನ್ನು ಸುಮ್ಮನೆ ಮಗುಚಿದರು. ಎರಡು ಗಂಟೆ ಹೊತ್ತಿಗೆ ಪೆನ್ನಿನ ಟೋಪಿ ತೆಗೆದು ಮೊದಲ ಅರ್ಜಿಗೆ ಸಹಿ ಹಾಕಿದರು. ಮೂರನೆಯದಕ್ಕೆ ಬರುವಾಗ, "ಗೌರವಧನನೂ ಸೇರಿಸೂದಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಸೇರ್ಸಿ. ನರ್ಸಿನದ್ದೂ ಸೇರ್ಸಿ."

ಏಳಕ್ಕೂ ಸಹಿ ಬಿತ್ತು. ಇಬ್ಬರೂ ಪೇಟೆಯ ಹೋಟೆಲಿಗೆ ನಡೆದೆವು. ಮೀನು ಖಾಲಿಯಾಗಿತ್ತು. ಉಳಿದಿದ್ದ ಅನ್ನ, ಸಾರು ಬಡಿಸಿಕೊಂಡು ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದೆವು.